‘ನಮ್ಮ ನಾಯಿಗೆ ಇಷ್ಟ ಆಯ್ತು’ ಅಂತ ಬರೆದರೆ ಸಾಕಾ? ನಾಯಿ ಸಾಮಾನಿನ ವಿಮರ್ಶೆ ಬಗ್ಗೆ

ಕುಕ್ಕರಹಳ್ಳಿ_ವಾಕಿಂಗ್:
ಮೈಸೂರು ಸುತ್ತಮುತ್ತ ನಾಯಿ ಸಾಕಿರೋರಿಗಾಗಿ ಕನ್ನಡದಲ್ಲೇ ವಿಮರ್ಶೆ ಬರೆಯೋಣ ಅಂತ ಏಳೆಂಟು ಜನ ಹೊರಟಿದ್ದೇವೆ. ಡಾಗ್ ಫುಡ್, ಬೆಲ್ಟ್, ಆಟಿಕೆ, ಉಣ್ಣೆ ಹುಳದ (ಟಿಕ್) ಮಾತ್ರೆ, ಜೊತೆಗೆ ಪುಸ್ತಕ, ವೆಬ್‌ಸೈಟ್. ಕೈಗೆ ಬಂದ ಮೊದಲ ಬರಹಗಳಲ್ಲಿ ಇರೋದು ಇಷ್ಟೇ: ‘ಕ್ವಾಲಿಟಿ ಸೂಪರ್, ನಮ್ಮ ನಾಯಿಗೆ ಇಷ್ಟ ಆಯ್ತು, ಐದಕ್ಕೆ ಐದು.’ ಇದನ್ನು ಓದಿ ಯಾರೂ ದುಡ್ಡು ಬಿಚ್ಚಬೇಕೋ ಬೇಡವೋ ಅಂತ ತೀರ್ಮಾನ ಮಾಡೋಕಾಗಲ್ಲ. ಯಾವುದನ್ನು ಅಳೆಯಬೇಕು, ಎಷ್ಟು ದಿನ ನೋಡಬೇಕು, ಎಲ್ಲಿ ತಪ್ಪುತ್ತೆ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಅಳತೆ_ತೂಕ:
ಫುಡ್ ಬಗ್ಗೆ ಹೇಳ್ತೀನಿ, ಎಲ್ಲರೂ ಎಡವೋದು ಅಲ್ಲೇ.

ಚೀಲದ ಹಿಂದಿನ ಪ್ರೋಟೀನ್ ಶೇಕಡಾವನ್ನು ಹಾಗೇ ಹೋಲಿಸಬೇಡಿ, ಮೊದಲು ನೀರು ಕಳೆಯಿರಿ. ಒಣ ಫುಡ್ಡಿನಲ್ಲಿ ಪ್ರೋಟೀನ್ 24, ತೇವಾಂಶ 10 ಅಂತಿದ್ದರೆ 24 ಅನ್ನು 90ರಿಂದ ಭಾಗಿಸಿ: ಶೇ. 26.7. ಗ್ರೇವಿ ಪೌಚಿನಲ್ಲಿ ಪ್ರೋಟೀನ್ ಬರೀ 8, ತೇವಾಂಶ 80 ಅಂತಿರುತ್ತೆ. 8 ಭಾಗ 20, ಅಂದರೆ ಶೇ. 40. ಲೇಬಲ್ಲಲ್ಲಿ ಬಡಕಲಾಗಿ ಕಂಡದ್ದೇ ಗಟ್ಟಿ. ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘ ಆಫ್ಕೋ (AAFCO) ಮಾನದಂಡದಲ್ಲಿ, ನೀರು ಕಳೆದ ಲೆಕ್ಕಕ್ಕೆ, ಬೆಳೆದ ನಾಯಿಗೆ ಕನಿಷ್ಠ ಶೇ. 18 ಪ್ರೋಟೀನ್, ಮರಿಗೆ 22.5. ನಮ್ಮ ದೇಶದ ಮಾನದಂಡ ಸಂಸ್ಥೆ ಬಿಐಎಸ್‌ದೂ ಐಎಸ್ 11968 ಅಂತ ನಾಯಿ-ಬೆಕ್ಕಿನ ಆಹಾರದ ಮಾನದಂಡ ಇದೆ. ಚೀಲದ ಮೇಲೆ ಎರಡರಲ್ಲಿ ಯಾವುದರ ಹೆಸರಾದರೂ ಇದೆಯಾ ಅನ್ನೋದನ್ನು ವಿಮರ್ಶೆಯಲ್ಲಿ ಬರೆಯಿರಿ.

ಆಮೇಲೆ ಬೆಲೆ. ಕಿಲೋಗೆ ಎಷ್ಟು ಅನ್ನೋದು ಮೋಸದ ಲೆಕ್ಕ, ದಿನಕ್ಕೆ ಎಷ್ಟು ಅಂತ ಹೇಳಿ. 100ರಿಂದ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ (ಅಂದರೆ ಖನಿಜಾಂಶ) ಎಲ್ಲ ಕಳೆದರೆ ಉಳಿಯೋದು ಪಿಷ್ಟ. ಬೂದಿ ಬರೆದಿಲ್ಲದಿದ್ದರೆ 8 ಅಂತ ಇಟ್ಕೊಳ್ಳಿ. ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿದರೆ 100 ಗ್ರಾಮಿನ ಕಿಲೊಕ್ಯಾಲರಿ ಸಿಗುತ್ತೆ. ನಾಯಿಗೆ ಎಷ್ಟು ಬೇಕು? ತೂಕವನ್ನು ಮೂರು ಸಲ ಗುಣಿಸಿ, ಫೋನಿನ ಕ್ಯಾಲ್ಕುಲೇಟರಲ್ಲಿ ವರ್ಗಮೂಲದ ಗುಂಡಿ ಎರಡು ಸಲ ಒತ್ತಿ, 70ರಿಂದ ಗುಣಿಸಿ. 20 ಕಿಲೋ ನಾಯಿಗೆ 20×20×20 = 8000, ಒಂದು ಸಲ ಒತ್ತಿದರೆ 89.4, ಇನ್ನೊಂದು ಸಲಕ್ಕೆ 9.46, ಅದಕ್ಕೆ 70 ಹೊಡೆದರೆ 662. ಸಂತಾನಹರಣ ಆಪರೇಷನ್ ಆದ ವಯಸ್ಕ ನಾಯಿಗೆ ಇದರ 1.6 ಪಟ್ಟು, ಅಂದರೆ ಸುಮಾರು 1060.

ಈಗ ಹೋಲಿಸಿ, ಎರಡರಲ್ಲೂ ತೇವಾಂಶ 10, ಬೂದಿ 8 ಅಂತ ಇಟ್ಕೊಂಡು. ಪ್ರೋಟೀನ್ 24, ಕೊಬ್ಬು 10, ನಾರು 5 ಇರೋ ಫುಡ್ಡು 100 ಗ್ರಾಮಿಗೆ 320 ಕಿಲೊಕ್ಯಾಲರಿ, ದಿನಕ್ಕೆ 331 ಗ್ರಾಂ ಬೇಕು. ಕಿಲೋ 250 ರೂ. ಆದರೆ ದಿನಕ್ಕೆ 83 ರೂ. ಪ್ರೋಟೀನ್ 28, ಕೊಬ್ಬು 16, ನಾರು 4 ಇರೋದು 353 ಕಿಲೊಕ್ಯಾಲರಿ, 300 ಗ್ರಾಂ ಸಾಕು. ಕಿಲೋ 320 ರೂ. ಆದರೂ ದಿನಕ್ಕೆ 96 ರೂ. ಕಿಲೋ ಲೆಕ್ಕದಲ್ಲಿ ಶೇ. 28 ದುಬಾರಿ, ತಟ್ಟೆಗೆ ಬಂದಾಗ ಶೇ. 16 ಅಷ್ಟೇ. ಲೇಬಲ್ಲಿನ ಅಂಕಿಗಳು ‘ಕನಿಷ್ಠ’, ‘ಗರಿಷ್ಠ’ ಅಷ್ಟೇ ಆದ್ದರಿಂದ ಇದು ಅಂದಾಜು. ಚೀಲದ ಮೇಲೆ ಕ್ಯಾಲರಿ ಅಚ್ಚಾಗಿದ್ದರೆ ಅದನ್ನೇ ತಗೊಳ್ಳಿ.

‘ಇಷ್ಟ ಆಯ್ತು’ ಅನ್ನೋದನ್ನೂ ಪರೀಕ್ಷೆ ಮಾಡಬಹುದು. ಎರಡು ತಟ್ಟೆಯಲ್ಲಿ ಹಳೇದು, ಹೊಸದು ಸಮ ತೂಕ ಹಾಕಿ, ಹತ್ತು ನಿಮಿಷ ಬಿಟ್ಟು ಉಳಿದದ್ದನ್ನು ತೂಗಿ. ಮಾರನೇ ದಿನ ಎಡಬಲ ಅದಲುಬದಲು ಮಾಡಿ. ಕೆಲವು ನಾಯಿಗಳು ಏನಿದ್ದರೂ ಬಲಗಡೆ ತಟ್ಟೆಗೇ ಬಾಯಿ ಹಾಕ್ತವೆ, ಅದು ರುಚಿಯಲ್ಲ, ಅಭ್ಯಾಸ. ಪೂರ್ತಿ ಬದಲಾಯಿಸುವಾಗ ಕಾಲು, ಅರ್ಧ, ಮುಕ್ಕಾಲು ಅಂತ 7ರಿಂದ 10 ದಿನ ಹಿಡಿಯಲಿ. ಒಂದೇ ದಿನಕ್ಕೆ ಬದಲಾಯಿಸಿ ಭೇದಿ ಆದರೆ ತಪ್ಪು ಫುಡ್ಡಿನದಲ್ಲ. ಚರ್ಮ, ಕೂದಲಿನ ಬಗ್ಗೆ 8 ವಾರಕ್ಕೆ ಮೊದಲು ಒಂದಕ್ಷರ ಬರೆಯಬೇಡಿ. ಅಂಗಡಿಯಲ್ಲಿ ಲೂಸ್ ತೂಗಿಸಿದ ಫುಡ್ಡನ್ನು ವಿಮರ್ಶೆಗೇ ತಗೋಬೇಡಿ. ಬ್ಯಾಚ್ ನಂಬರ್ ಇಲ್ಲ, ತಾರೀಖಿಲ್ಲ, ಕೊಬ್ಬು ಕಮಟು ಹಿಡಿದಿರಲೂಬಹುದು.

ಮದ್ದೂರ್_ಕಡೇವ್ನು:
ಗುರುವೇ, ಪ್ಯಾಕೆಟ್ ಲೆಕ್ಕ ಎಲ್ಲಾ ಸರಿ. ನಮ್ ಮಂಡ್ಯ ಕಡೆ ಬೇಕಾದಷ್ಟು ನಾಯಿಗೋಳು ತಿನ್ನೋದು ಮುದ್ದೆ. ರಾಗೀಲಿ ಕ್ಯಾಲ್ಸಿಯಂ ಐತೆ, ಅದ್ಕಿಂತ ಇನ್ನೇನ್ ಬೇಕು ಅಂತಾರೆ. ಅದ್ಕೂ ಒಂದು ಲೆಕ್ಕ ಹೇಳ್ಬುಡಿ, ಇಲ್ಲಾಂದ್ರೆ ನಿಮ್ ವಿಮರ್ಶೆ ಪ್ಯಾಟೆಯವ್ರಿಗೆ ಮಾತ್ರ ಆಯ್ತದೆ.

ಅಳತೆ_ತೂಕ:
ನ್ಯಾಯವಾದ ಮಾತು ಅಣ್ಣ. 100 ಗ್ರಾಂ ರಾಗಿ ಹಿಟ್ಟಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ, ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಂ. ನೀರು ಕಳೆದರೆ ಪ್ರೋಟೀನ್ ಶೇ. 8 ಆಗುತ್ತೆ, ಬೇಕಾದದ್ದು 18. ಕ್ಯಾಲ್ಸಿಯಂ 390 ಆಗುತ್ತೆ. ಬೆಳೆದ ನಾಯಿಗೆ 500, ಮರಿಗೆ 1200 ಬೇಕು. ಹೆಸರಾದ ಕ್ಯಾಲ್ಸಿಯಮ್ಮೂ ಸಾಲಲ್ಲ. ಅಷ್ಟು ಹಿಟ್ಟಿನ ಮುದ್ದೆಗೆ ಬೇಯಿಸಿದ ಮೂರು ಮೊಟ್ಟೆ ಕಿವುಚಿದರೆ ಪ್ರೋಟೀನ್ ಶೇ. 20ರ ಹತ್ತಿರ ಬರುತ್ತೆ. ಹೊಟ್ಟೆಗೆ ಸಾಕಾಗಬೇಕಾದರೆ 20 ಕಿಲೋ ನಾಯಿಗೆ ಇಂಥದ್ದು ದಿನಕ್ಕೆ ಎರಡು ಊಟ, ಅಂದರೆ ಆರು ಮೊಟ್ಟೆ. ಅದರ ಬೆಲೆಯನ್ನೂ ಪ್ಯಾಕೆಟ್ ಪಕ್ಕದಲ್ಲೇ ಹಾಕಿದರೆ ಹೋಲಿಕೆ ಸರಿಯಾಗುತ್ತೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಸುರಿಯಬಾರದು, ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ. ಬೇಯಿಸಿದ ಮೂಳೆಯೂ ಬೇಡ, ಚೂಪಾಗಿ ಸೀಳುತ್ತೆ.

ಹೊಲಿಗೆ_ಬಿಚ್ಚಿ_ನೋಡು:
ಬೆಲ್ಟು, ಹಾರ್ನೆಸ್ಸಿಗೆ (ಎದೆ ಸುತ್ತ ಹಾಕೋ ಪಟ್ಟಿ) ಬರ್ತೀನಿ. ಎಸ್, ಎಂ, ಎಲ್ ಅಂತ ಬರೆದರೆ ಉಪಯೋಗ ಇಲ್ಲ. ಒಂದು ಕಂಪನಿಯ ಎಂ ಇನ್ನೊಂದರ ಎಲ್ ಆಗಿರುತ್ತೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಷ್ಟು ಸೆಂಟಿಮೀಟರ್, ಬೆಲ್ಟಿನ ಪಟ್ಟಿ ಎಷ್ಟರಿಂದ ಎಷ್ಟಕ್ಕೆ ಬರುತ್ತೆ ಅಂತ ಬರೆಯಿರಿ. ಹಾಕಿದ ಮೇಲೆ ಎರಡು ಬೆರಳು ನುಸುಳಬೇಕು, ಮೂರನೇದು ನುಸುಳಬಾರದು.

ಕಿತ್ತು ಹೋಗೋದು ಸಾಮಾನ್ಯವಾಗಿ ನೈಲಾನ್ ಅಲ್ಲ, ಲೋಹ. ಡಿ ಆಕಾರದ ರಿಂಗನ್ನು ಉಗುರಲ್ಲಿ ಸುತ್ತ ಸವರಿ. ಎಲ್ಲಾದರೂ ಬಿರುಕು ಸಿಕ್ಕಿದರೆ ಅದು ಬೆಸುಗೆ ಹಾಕದೆ ಬರೀ ಬಗ್ಗಿಸಿದ್ದು, ಜೋರಾಗಿ ಎಳೆದರೆ ಬಾಯಿ ತೆರೆಯುತ್ತೆ. ಚೈನಿನ ತುದಿಯ ಕೊಕ್ಕೆಯ ಸ್ಪ್ರಿಂಗನ್ನು ಐವತ್ತು ಸಲ ಒತ್ತಿ ಬಿಡಿ, ಆಮೇಲೂ ತಾನಾಗೇ ಪೂರ್ತಿ ಮುಚ್ಚಬೇಕು. ರಾತ್ರಿಯಿಡೀ ಬಕೆಟ್ ನೀರಲ್ಲಿ ನೆನೆಸಿ ಬಿಳಿ ಬಟ್ಟೆ ಮೇಲೆ ಒಣಗಿಸಿ, ಬಣ್ಣ ಬಿಟ್ಟಿದ್ದೂ ತುಕ್ಕಿನ ಕಲೆಯೂ ಎದ್ದು ಕಾಣುತ್ತೆ. ಹೊಲಿಗೆ ಚೌಕದೊಳಗೆ ಅಡ್ಡಗೆರೆ ಇದ್ದರೆ ಗಟ್ಟಿ, ಒಂದೇ ಸಾಲು ಇದ್ದರೆ ಬಿಡಿ. ಇಪ್ಪತ್ತು ನಿಮಿಷ ಓಡಾಡಿಸಿ ಕಂಕುಳಲ್ಲಿ ಕೂದಲು ಸವೆದು ಚರ್ಮ ಕೆಂಪಾಗಿದೆಯಾ ನೋಡಿ. ಕೊನೆಗೆ, ಗೇಟು ಹಾಕಿದ ಕಾಂಪೌಂಡಲ್ಲಿ ನಾಯಿಯ ಮುಂದೆ ನಿಂತು ಚೈನನ್ನು ಮೆಲ್ಲಗೆ ಎಳೆಯಿರಿ. ಹಿಂದಕ್ಕೆ ಜಗ್ಗಿ ತಲೆ ಕಳಚಿಕೊಂಡರೆ ಆ ಹಾರ್ನೆಸ್ ರಸ್ತೆಗೆ ಲಾಯಕ್ಕಿಲ್ಲ.

ಆಟಿಕೆಗೆ ಹೆಬ್ಬೆರಳ ಉಗುರು ಸಾಕು: ಒತ್ತಿದರೆ ಗುರುತು ಬೀಳದಷ್ಟು ಗಡಸಾಗಿದ್ದರೆ ಹಲ್ಲು ಸೀಳುತ್ತೆ.

ಚೀಟಿ_ಓದೋರು:
ಉಣ್ಣೆ ಮಾತ್ರೆಗೆ ಸ್ಟಾರ್ ಕೊಡೋದೇ ಬೇಡ. ಅದು ಔಷಧ, ನಾಯಿ ನೋಡಿ ಡಾಕ್ಟ್ರು ಹೇಳಬೇಕು. ಮಾಹಿತಿ ಬರೆಯಿರಿ: ಫ್ಲುರಾಲನರ್ ಅನ್ನೋ ಔಷಧದ ಒಂದು ಮಾತ್ರೆ 12 ವಾರ ಕೆಲಸ ಮಾಡುತ್ತೆ, ಅಫಾಕ್ಸೊಲನರ್ ಅನ್ನೋದು ಒಂದು ತಿಂಗಳು. ಆದ್ದರಿಂದ ಬೆಲೆ ತಿಂಗಳ ಲೆಕ್ಕದಲ್ಲಿ ಇರಲಿ. ಫ್ಲುರಾಲನರ್ 10ರಿಂದ 20 ಕಿಲೋಗೆ 500 ಮಿಲಿಗ್ರಾಂ, 20ರಿಂದ 40ಕ್ಕೆ 1000. ದೊಡ್ಡದನ್ನು ಮುರಿದು ಎರಡು ನಾಯಿಗೆ ಹಂಚೋ ‘ಟಿಪ್’ ಯಾರಾದರೂ ಬರೆದರೆ ಅಳಿಸಿ, ಮುರಿಯಬಾರದು ಅಂತ ಲೇಬಲ್ಲೇ ಹೇಳುತ್ತೆ. ಫ್ಲುರಾಲನರನ್ನು ಊಟದ ಜೊತೆ ಕೊಡಬೇಕು.

‘ಮಾತ್ರೆ ಕೊಟ್ಟ ಮೇಲೂ ಉಣ್ಣೆ ಕಾಣ್ತು, ಡೂಪ್ಲಿಕೇಟ್’ ಅನ್ನೋ ದೂರು ಬರುತ್ತೆ. ಈ ಮಾತ್ರೆ ಉಣ್ಣೆ ಹತ್ತದಂತೆ ತಡೆಯಲ್ಲ. ಕಚ್ಚಿ ರಕ್ತ ಹೀರಿದ ಮೇಲೆ ಅದು ಸಾಯುತ್ತೆ. ಜೊತೆಗೆ ಉಣ್ಣೆ ಸಾವಿರಾರು ಮೊಟ್ಟೆ ಇಡೋದು ಗೋಡೆ ಬಿರುಕಲ್ಲಿ, ನಾಯಿ ಮೈಮೇಲಲ್ಲ. ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗೆ ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ, ಅದು ಬರಹದ ಮೇಲ್ಭಾಗದಲ್ಲೇ ಇರಲಿ. ಬೆನ್ನಿಗೆ ಹಾಕೋ ಡ್ರಾಪ್ಸಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕಿರೋ ಮನೆಗೆ ಬೇಡ ಅಂತ ಸ್ಪಷ್ಟವಾಗಿ ಬರೆಯಿರಿ, ಬೆಕ್ಕಿಗೆ ಅದು ವಿಷ.

ಹಳೇ_ಪುಟ:
ಟ್ರೈನಿಂಗ್ ಪುಸ್ತಕ ಕೈಗೆ ಬಂದರೆ ಮೊದಲು ‘ಆಲ್ಫಾ’ ಪದ ಹುಡುಕಿ. ತೋಳದ ಗುಂಪಿನ ಯಜಮಾನಿಕೆಯ ಕಲ್ಪನೆಯನ್ನು 1970ರ ಪುಸ್ತಕದಿಂದ ಜನಪ್ರಿಯ ಮಾಡಿದ ತೋಳ ವಿಜ್ಞಾನಿ ಡೇವಿಡ್ ಮೆಕ್ ಅವರೇ 1999ರ ಪ್ರಬಂಧದಲ್ಲಿ, ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು ಅಂತ ತಿದ್ದಿದರು. ಇನ್ನೂ ‘ನಾಯಿಯನ್ನು ಅಂಗಾತ ಕೆಡವಿ ನೀವೇ ಯಜಮಾನ ಅಂತ ತೋರಿಸಿ’ ಅನ್ನೋ ಪುಸ್ತಕಕ್ಕೆ ಜಾಸ್ತಿ ಪುಟ ಖರ್ಚು ಮಾಡಬೇಡಿ. ಒಳ್ಳೇ ಪುಸ್ತಕದ ಗುರುತು, ಪಾಠ ಕೈಕೊಟ್ಟಾಗ ಏನು ಮಾಡಬೇಕು ಅಂತ ಹೇಳಿರುತ್ತೆ. ಕರೆದರೆ ಬರೋ ಪಾಠ ಒಂದನ್ನೇ ಆರಿಸಿ, ಬರೆದ ಹಾಗೇ ಎರಡು ವಾರ ಮಾಡಿ, ಹತ್ತು ಸಲ ಕರೆದರೆ ಎಷ್ಟು ಸಲ ಬಂತು ಅಂತ ಮೊದಲು, ಕೊನೆಗೆ ಎಣಿಸಿ.

ವೆಬ್‌ಸೈಟಿಗೆ ನನ್ನ ಮೂರು ಪ್ರಶ್ನೆ. ದ್ರಾಕ್ಷಿ ಕೊಡಬಹುದಾ? ಜ್ವರಕ್ಕೆ ಐಬುಪ್ರೊಫೆನ್ ಕೊಡಬಹುದಾ? ಮನೆಯೊಳಗೇ ಇರೋ ನಾಯಿಗೆ ರೇಬಿಸ್ ಲಸಿಕೆ ಬೇಕಾ? ಸರಿಯಾದ ಉತ್ತರ: ಕೊಡಬಾರದು, ಕೊಡಬಾರದು, ಬೇಕು. ಒಂದು ತಪ್ಪಿದರೂ ಮುಂದೆ ಓದೋ ಅಗತ್ಯ ಇಲ್ಲ. ಆಮೇಲೆ ಬರೆದವರ ಹೆಸರು, ತಿದ್ದಿದ ತಾರೀಖು, ‘ಟಾಪ್ 10’ ಪಟ್ಟಿಯ ಹತ್ತೂ ಲಿಂಕು ಒಂದೇ ಅಂಗಡಿಗೆ ಹೋಗುತ್ತಾ ನೋಡಿ.

ಕುಕ್ಕರಹಳ್ಳಿ_ವಾಕಿಂಗ್:
ಎಲ್ಲರಿಗೂ ಥ್ಯಾಂಕ್ಸ್. ಒಂದೇ ಅನುಮಾನ: ಕಂಪನಿಯವರು ಸ್ಯಾಂಪಲ್ ಪುಕ್ಕಟೆ ಕೊಡ್ತೀವಿ ಅಂದರೆ ತಗೋಬಹುದಾ?

ಹಳೇ_ಪುಟ:
ತಗೋಬಹುದು, ಮುಚ್ಚಿಡಬಾರದು. ಪುಕ್ಕಟೆ ಸಾಮಾನು ಬಂದರೂ ಹೇಳಲೇಬೇಕು ಅಂತ ಕೇಂದ್ರ ಗ್ರಾಹಕ ಇಲಾಖೆಯ ಜನವರಿ 2023ರ ಮಾರ್ಗಸೂಚಿಯಲ್ಲಿದೆ. ಕೊನೇ ಸಾಲಲ್ಲಲ್ಲ, ಮೊದಲ ಸಾಲಲ್ಲಿ ಹಾಕಿ. ಬೇರೆಯವರ ವಿಮರ್ಶೆ ಸೇರಿಸೋ ಹಾಗಿದ್ದರೆ ಐಎಸ್ 19000:2022 ಒಮ್ಮೆ ಓದಿ, ಆನ್‌ಲೈನ್ ಗ್ರಾಹಕ ವಿಮರ್ಶೆಗೆಂದೇ ಬಿಐಎಸ್ ಮಾಡಿದ್ದು. ಮತ್ತೆ, ಬಿಲ್ಲಿನ ಫೋಟೊ ಹಾಕುವಾಗ ಫೋನ್ ನಂಬರ್ ಮುಚ್ಚಿ, ಬ್ಯಾಚ್ ನಂಬರ್ ಮುಚ್ಚಬೇಡಿ.