ಅಪ್‌ಡೇಟ್: ನಾಯಿಯ ವಾಸನೆ ಬರ್ತಿದ್ದದ್ದು ಕಿವಿಯಿಂದ

ಸ್ನಾನ ಮಾಡಿಸಿದ ಮರುದಿನವೇ ನಮ್ಮ ಕಾಕರ್ ಸ್ಪ್ಯಾನಿಯಲ್ ಮತ್ತೆ ನಾರುತ್ತೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. 'ಮೈ ಬಿಡಿ, ಕಿವಿ ಮೂಸಿ ನೋಡಿ' ಅಂದವರ ಮಾತೇ ನಿಜವಾಯ್ತು. ಅವರಿಗೆ ತುಂಬಾ ಥ್ಯಾಂಕ್ಸ್.

ಡಾಕ್ಟರು ಕಿವಿಗುಗ್ಗೆ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಮಲಸೇಜಿಯಾ ಅನ್ನೋ ಯೀಸ್ಟ್ ತುಂಬಿಕೊಂಡಿತ್ತು. ಆ ಹುಳಿ ವಾಸನೆ, ಕಂದು ಗುಗ್ಗೆ ಎಲ್ಲ ಅದರದ್ದೇ. ಜೋತುಬಿದ್ದ ಕಿವಿಯೊಳಗೆ ಗಾಳಿಯಾಡಲ್ಲ, ಮಳೆಗಾಲದಲ್ಲಂತೂ ತೇವ ಆರೋದೇ ಇಲ್ಲ. ಕ್ಲೀನರ್ ಹಾಕಿ ಒರೆಸಿ, ಆಮೇಲೆ ಡ್ರಾಪ್ಸ್ ಹಾಕ್ತಾ ಬಂದೆವು. ಈಗ ವಾಸನೆ ಪೂರ್ತಿ ಹೋಗಿದೆ, ತಲೆ ಕೊಡವೋದೂ ನಿಂತಿದೆ.

ಒಂದು ಮುಖ್ಯ ವಿಷಯ: ಕಿವಿ ತಮಟೆ ಸರಿಯಿದೆಯಾ ಅಂತ ನೋಡಿದ ಮೇಲೇ ಔಷಧ ಕೊಟ್ಟರು. ತಮಟೆ ತೂತಾಗಿದ್ದರೆ ಕೆಲವು ಡ್ರಾಪ್ಸ್‌ನಿಂದ ನಾಯಿ ಕಿವುಡಾಗಬಹುದು. ಮನೇಲಿ ಉಳಿದಿರೋ ಹಳೇ ಡ್ರಾಪ್ಸ್ ದಯವಿಟ್ಟು ಹಾಕಬೇಡಿ.

ವಾಸನೆಗೆ ಅಂತ ಮೊದಲು ಮಾಡಿ ನೋಡಿದ್ದ ಮನೆಮದ್ದು, ಮೊಸರು ಮತ್ತು ಬೇವಿನ ನೀರು, ಎರಡರಿಂದಲೂ ಏನೂ ಪ್ರಯೋಜನ ಆಗಲಿಲ್ಲ. ವಾಸನೆ ಅಲ್ಲಿಂದಲೂ ಬರಬಹುದು ಅಂತ ಡಾಕ್ಟರು ಗುದದ ಪಕ್ಕದ ಗ್ರಂಥಿ, ಹಲ್ಲು ಎರಡನ್ನೂ ಪರೀಕ್ಷಿಸಿದರು, ತೊಂದರೆ ಇರಲಿಲ್ಲ.

ನನಗೆ ಆಶ್ಚರ್ಯ ಆಗಿದ್ದು, ಈ ಯೀಸ್ಟ್ ಆರೋಗ್ಯವಾಗಿರೋ ನಾಯಿಗಳ ಚರ್ಮದ ಮೇಲೂ ಇರುತ್ತಂತೆ. ಅತಿಯಾಗಿ ಬೆಳೆಯೋಕೆ ಹೆಚ್ಚಾಗಿ ಅಲರ್ಜಿ ಕಾರಣ. ಮತ್ತೆ ಬಂದರೆ, ಅಲರ್ಜಿ ಊಟದಿಂದಲಾ ಅಂತ ತಿಳಿಯೋಕೆ 8 ವಾರ ಊಟ ಬದಲಿಸಿ ನೋಡೋಣ ಅಂದಿದ್ದಾರೆ.