ಬಾತ್‌ರೂಮ್ ಎಕ್ಸಾಸ್ಟ್ ಫ್ಯಾನ್: ಸದ್ದು ಮಾತ್ರ ಜಾಸ್ತಿ, ಹಬೆ ಹೋಗುತ್ತಿಲ್ಲ. ಯಾವುದು ತಗೊಳ್ಳಲಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿವಮೊಗ್ಗದಲ್ಲಿ. ಮನೆಗೆ ಇರುವುದು ಒಂದೇ ಬಾತ್‌ರೂಮ್, ಅದೂ ನಾವು ಮಲಗುವ ಕೋಣೆಯ ಗೋಡೆಗೆ ಅಂಟಿಕೊಂಡಿದೆ. 8 ಅಡಿ ಉದ್ದ, 5 ಅಡಿ ಅಗಲ, 9 ಅಡಿ ಎತ್ತರ. ವೆಂಟಿಲೇಟರ್‌ನಲ್ಲಿ 6 ಇಂಚಿನ ಫ್ಯಾನ್ ಇದೆ. ಹಾಕಿದರೆ ಹಿಟ್ಟಿನ ಗಿರಣಿ ಪಕ್ಕ ನಿಂತ ಹಾಗೆ. ಮಾವ ಬೆಳಗ್ಗೆ ಐದಕ್ಕೇ ಸ್ನಾನ ಮಾಡುವವರು. ಅವರು ಸ್ವಿಚ್ ಒತ್ತಿದರೆ ಮಗು ಎದ್ದು ಕೂರುತ್ತದೆ. ಲೈಟಿಗೂ ಫ್ಯಾನಿಗೂ ಒಂದೇ ಸ್ವಿಚ್ ಬೇರೆ. ಪಾಪ, ಈಗ ಟಾರ್ಚ್ ಇಟ್ಟುಕೊಂಡು ಸ್ನಾನ ಮಾಡುತ್ತಿದ್ದಾರೆ.

ಇಷ್ಟು ಸದ್ದು ಮಾಡಿಯೂ ಕೆಲಸ ಸೊನ್ನೆ. ಅರ್ಧ ಗಂಟೆ ಆದರೂ ಕನ್ನಡಿ ಮೇಲಿನ ಹಬೆ ಹೋಗಲ್ಲ. ಮೂಲೆಯಲ್ಲಿ ಸೂರಿಗೆ ಕಪ್ಪು ಬೂಷ್ಟು ಹಿಡಿದಿದೆ. ಸದ್ದಿಲ್ಲದ, ಚೆನ್ನಾಗಿ ಎಳೆಯುವ ಫ್ಯಾನ್ ಯಾವುದು ಹೇಳಿ.

ಸೀದಾಮಾತು:
6 ಇಂಚು ಸಾಲಲ್ಲ ಸಾರ್. 9 ಇಂಚಿನ ಕಬ್ಬಿಣದ್ದು ಹಾಕಿಸಿ, ಮುಗೀತು.

ಹಳೇ ವೈರ್‌ಮನ್:
ಸ್ವಲ್ಪ ತಡೆಯಿರಿ. ಅದನ್ನು ಹಾಕಿಸಿದರೆ ಮಗು ಜೊತೆ ಬೀದಿಯವರೂ ಏಳುತ್ತಾರೆ. ಮೊದಲು ಇವಿಷ್ಟು ಹೇಳಿ. ಫ್ಯಾನ್ ಪಕ್ಕದಲ್ಲಿ ಗಾಜಿನ ಪಟ್ಟಿಗಳು ಇವೆಯಾ? ತೆರೆದಿರುತ್ತವಾ? ಬಾಗಿಲ ಕೆಳಗೆ ಸಂದಿ ಎಷ್ಟಿದೆ? ಫ್ಯಾನಿನ ಬಾಕ್ಸ್ ಮೇಲೆ ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟು, ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಅಂತ ಬರೆದಿದೆ?

ಆಮೇಲೆ ಒಂದು ಊದುಬತ್ತಿ ಹಚ್ಚಿ. ಬಾಗಿಲು ಹಾಕಿ, ಫ್ಯಾನ್ ಹಾಕಿ. ಊದುಬತ್ತಿಯನ್ನು ಮೊದಲು ಷವರ್ ಕೆಳಗೆ ಹಿಡಿಯಿರಿ, ಆಮೇಲೆ ಗಾಜಿನ ಪಟ್ಟಿ ಹತ್ತಿರ. ಹೊಗೆ ಯಾವ ಕಡೆ ಹೋಗುತ್ತದೆ ನೋಡಿ.

ಸದ್ದಿಗೂ ಒಂದು ಪರೀಕ್ಷೆ ಇದೆ. ಫ್ಯಾನ್ ಓಡುತ್ತಿರುವಾಗ ಹೊರಚೌಕಟ್ಟನ್ನು ಅಂಗೈಯಿಂದ ಒತ್ತಿ ಹಿಡಿಯಿರಿ. ಬ್ಲೇಡಿನ ಹತ್ತಿರ ಬೆರಳು ಬೇಡ, ಕೈ ಒದ್ದೆ ಇರಬಾರದು. ಸದ್ದು ಇಳಿದರೆ ಚೌಕಟ್ಟು ಅದುರುತ್ತಿದೆ ಅಂತ. ಇಳಿಯದಿದ್ದರೆ ಸ್ವಿಚ್ ಆಫ್ ಮಾಡಿ ಕೇಳಿ. ತಕ್ಷಣ ನಿಂತರೆ ಅದು ಕರೆಂಟಿನ ಗುಂಯ್ ಸದ್ದು. ಬ್ಲೇಡ್ ನಿಧಾನ ಆಗುವವರೆಗೂ ಬಂದರೆ ಬ್ಲೇಡ್ ಅಥವಾ ಬೇರಿಂಗಿನದು.

ತುಂಗಾತೀರ:
ಸಾರ್ ಅಲ್ಲ, ಮೇಡಂ :) ಎಲ್ಲ ಮಾಡಿ ನೋಡಿದೆ. ವೆಂಟಿಲೇಟರ್‌ನ ಅರ್ಧದಲ್ಲಿ ಫ್ಯಾನ್, ಉಳಿದ ಅರ್ಧ ಗಾಜಿನ ಪಟ್ಟಿ. ಗಾಳಿ ಆಡಲಿ ಅಂತ ಯಾವಾಗಲೂ ತೆರೆದೇ ಇಟ್ಟಿರುತ್ತೇವೆ. ಬಾಗಿಲು ಹೊಸದು, ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು). ಗ್ರಾನೈಟ್ ಹೊಸ್ತಿಲಿಗೆ ಸರಿಯಾಗಿ ಕೂರುತ್ತದೆ, ಇರುವೆ ಕೂಡ ನುಗ್ಗಲ್ಲ. ಬಾಕ್ಸ್ ಮೇಲೆ 2600 ಆರ್‌ಪಿಎಂ, 250 ಘನ ಮೀಟರ್ ಅಂತ ಇದೆ.

ಊದುಬತ್ತಿ ನೋಡಿ ಆಶ್ಚರ್ಯ ಆಯ್ತು. ಷವರ್ ಕೆಳಗೆ ಹೊಗೆ ನೆಟ್ಟಗೆ ಮೇಲೆ ಹೋಗುತ್ತದೆ, ಫ್ಯಾನ್ ಕಡೆ ತಿರುಗೋದೇ ಇಲ್ಲ. ಗಾಜಿನ ಪಟ್ಟಿ ಹತ್ತಿರ ಹಿಡಿದರೆ ಸರ್ರಂತ ಫ್ಯಾನಿನೊಳಗೆ ಹೋಯಿತು. ಚೌಕಟ್ಟು ಒತ್ತಿದರೆ ಗಡಗಡ ನಿಂತಿತು, ಆದರೆ ಸುಯ್ ಅನ್ನುವುದು ಉಳಿಯಿತು. ಆಫ್ ಮಾಡಿದ ಮೇಲೂ ಬ್ಲೇಡ್ ನಿಲ್ಲುವವರೆಗೆ ಅದು ಇತ್ತು.

ಹಳೇ ವೈರ್‌ಮನ್:
ನಿಮ್ಮ ಊದುಬತ್ತಿಯೇ ಉತ್ತರ ಹೇಳಿಬಿಟ್ಟಿದೆ. ಫ್ಯಾನ್ ಎಳೆಯುತ್ತಿರುವುದು ಹಬೆಯನ್ನಲ್ಲ. ಪಕ್ಕದ ಪಟ್ಟಿಯಿಂದ ಹೊರಗಿನ ಗಾಳಿ ಒಳಗೆ ಬಂದು, ಅಲ್ಲೇ ಒಂದು ಅಡಿ ತಿರುಗಿ ಮತ್ತೆ ಹೊರಗೆ ಹೋಗುತ್ತಿದೆ. ಬಾಗಿಲ ಕಡೆಯಿಂದ ಗಾಳಿ ಬರಲು ದಾರಿಯೇ ಇಲ್ಲ. ಗಾಳಿ ಒಳಗೆ ಬಂದರೆ ತಾನೇ ಹೊರಗೆ ಹೋಗುವುದು? 9 ಇಂಚಿನದು ಹಾಕಿದ್ದರೂ ಇದೇ ಕಥೆ ಆಗುತ್ತಿತ್ತು.

ಲೆಕ್ಕ ನೋಡಿ. 8 × 5 × 9 ಅಂದರೆ 360 ಘನ ಅಡಿ, ಸುಮಾರು 10 ಘನ ಮೀಟರ್. ಬಾತ್‌ರೂಮಿನ ಗಾಳಿ ಗಂಟೆಗೆ 8ರಿಂದ 10 ಸಲ ಬದಲಾದರೆ ಸಾಕು. ಅಂದರೆ ನಿಮಗೆ ಬೇಕಾಗಿರುವುದು ಗಂಟೆಗೆ 80ರಿಂದ 100 ಘನ ಮೀಟರ್. (ಕೆಲವು ಬಾಕ್ಸ್ ಮೇಲೆ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಅಂತ ಇರುತ್ತದೆ, ಅದನ್ನು 1.7ರಿಂದ ಗುಣಿಸಿದರೆ ಗಂಟೆಗೆ ಘನ ಮೀಟರ್ ಸಿಗುತ್ತದೆ.) ನಿಮ್ಮ ಫ್ಯಾನ್ 250ರದು! ಬಾಕ್ಸ್ ಮೇಲಿನ ಸಂಖ್ಯೆ ಮುಂದೆ ಏನೂ ಅಡ್ಡ ಇಲ್ಲದಾಗ ಅಳೆದದ್ದು. ಸೊಳ್ಳೆ ಜಾಲರಿ, ಮುಚ್ಚಳ ಎಲ್ಲ ಸೇರಿದರೆ ಕಡಿಮೆ ಆಗುತ್ತದೆ. ಆದರೂ ಶಕ್ತಿಗೆ ಕೊರತೆ ಇಲ್ಲ.

ಇನ್ನು ಸದ್ದು. ಗಡಗಡ ಬರುತ್ತಿರುವುದು ಚೌಕಟ್ಟು ಗಟ್ಟಿಯಾಗಿ ಕೂತಿಲ್ಲದ್ದಕ್ಕೆ. ಸ್ಕ್ರೂ ಕೆಳಗೆ ರಬ್ಬರ್ ವಾಷರ್, ಸುತ್ತ ಫೋಮ್ ಪಟ್ಟಿ ಹಾಕಿದರೆ ನಿಲ್ಲುತ್ತದೆ. ಸುಯ್ ಅನ್ನುವುದು ವೇಗದ ಸದ್ದು. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ 2 ಪೋಲ್ (ಒಳಗಿನ ಅಯಸ್ಕಾಂತದ ಧ್ರುವ) ಇರುವ ಮೋಟಾರ್ ನಿಮಿಷಕ್ಕೆ 3000 ಸುತ್ತಿಗಿಂತ ಸ್ವಲ್ಪ ಕಡಿಮೆ ತಿರುಗುತ್ತದೆ, 4 ಪೋಲಿನದು 1500ಕ್ಕಿಂತ ಸ್ವಲ್ಪ ಕಡಿಮೆ. ನಿಮ್ಮದು ಮೊದಲ ಜಾತಿ. ಅದೇ ಬ್ಲೇಡಿನ ವೇಗ ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಇಳಿದರೇ ಕಿವಿಗೆ ಅರ್ಧ ಆದ ಹಾಗೆ ಅನ್ನಿಸುತ್ತದೆ. ಅದಕ್ಕೇ ನಾನು ಯಾವಾಗಲೂ ಹೇಳುವುದು, ಚಿಕ್ಕದನ್ನು ಜೋರಾಗಿ ಓಡಿಸುವ ಬದಲು ಸ್ವಲ್ಪ ದೊಡ್ಡದನ್ನು ನಿಧಾನಕ್ಕೆ ಓಡಿಸಿ.

ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಗಾಜಿನ ಪಟ್ಟಿ ಪೂರ್ತಿ ತೆಗೆಸಿ, ವೆಂಟಿಲೇಟರಿಗೆ ದಪ್ಪ ಅಕ್ರಿಲಿಕ್ ಶೀಟ್ ಹಾಕಿಸುತ್ತೇನೆ. ಅದರಲ್ಲಿ 8 ಇಂಚಿನ, 1300-1400 ಆರ್‌ಪಿಎಂನ ಪ್ಲಾಸ್ಟಿಕ್ ಬಾಡಿ ಫ್ಯಾನ್. ಬಾಲ್ ಬೇರಿಂಗ್ ಇರಲಿ. ನೀರು ಸಿಡಿಯುವ ಜಾಗ, ಐಪಿಎಕ್ಸ್4 (ನೀರು ಸಿಡಿದರೂ ತಡೆಯುತ್ತದೆ ಅನ್ನುವ ಗುರುತು) ಅಂತ ಬರೆದಿದ್ದರೆ ಒಳ್ಳೆಯದು. ಬಾಗಿಲ ಕೆಳಭಾಗಕ್ಕೆ 12 × 6 ಇಂಚಿನ ಪಿವಿಸಿ ಜಾಲರಿ ಕೂರಿಸಿ. ಫ್ಯಾನಿಗೆ ಬೇರೆ ಸ್ವಿಚ್ ಮಾಡಿಸಿ. ಸ್ನಾನ ಆದಮೇಲೆ 20 ನಿಮಿಷ ಓಡಬೇಕು. ಲೈಟ್ ಜೊತೆ ಆಫ್ ಆದರೆ ಏನು ಪ್ರಯೋಜನ?

ಅಂಗಡಿಯಲ್ಲಿ ಡೆಸಿಬೆಲ್ ತೋರಿಸಿದರೆ ಎಷ್ಟು ದೂರದಲ್ಲಿ ಅಳೆದದ್ದು ಅಂತ ಕೇಳಿ. 3 ಮೀಟರ್ ದೂರದ ಸಂಖ್ಯೆ 1 ಮೀಟರ್‌ನದಕ್ಕಿಂತ 9-10 ಕಡಿಮೆ ಕಾಣುತ್ತದೆ. ಫ್ಯಾನ್ ಅದೇ!

ಕಡಲತಡಿ:
ಅಣ್ಣ, ನಂದೂ ಒಂದು. ಮಂಗಳೂರಿನಲ್ಲಿ ಫ್ಲ್ಯಾಟ್, ಬಾತ್‌ರೂಮಿಗೆ ಕಿಟಕಿಯೇ ಇಲ್ಲ. ಫಾಲ್ಸ್ ಸೀಲಿಂಗ್ ಮೇಲಿಂದ ಡಕ್ಟಿಗೆ (ಎಲ್ಲ ಮಹಡಿಗೂ ಸೇರಿದ ಗಾಳಿ ಹೋಗುವ ಜಾಗ) ಪೈಪ್ ಹೋಗಿದೆ. ಫ್ಯಾನ್ ಆಫ್ ಮಾಡಿದರೆ ಕೆಳಗಿನ ಮನೆಯ ಮೀನು ಹುರಿಯುವ ವಾಸನೆ ನಮ್ಮ ಬಾತ್‌ರೂಮಿಗೆ.

ಹಳೇ ವೈರ್‌ಮನ್:
ನಿಮಗೆ 4 ಇಂಚಿನ ಇನ್‌ಲೈನ್ ಫ್ಯಾನ್ ಸರಿ. ಮೋಟಾರ್ ಸೀಲಿಂಗ್ ಮೇಲೆ ಪೈಪಿನ ಮಧ್ಯೆ ಕೂರುತ್ತದೆ, ಕೆಳಗೆ ಬರೀ ಜಾಲರಿ. ಇರುವುದರಲ್ಲಿ ಸದ್ದು ಕಡಿಮೆ ಇದರದ್ದೇ. ಗೋಡೆಗೆ ಹಾಕುವ ಸಾಮಾನ್ಯ ಫ್ಯಾನ್ ಉದ್ದ ಪೈಪಿನಲ್ಲಿ ಗಾಳಿ ತಳ್ಳಲಾರದೆ ಸೋಲುತ್ತದೆ. ಫ್ಲೆಕ್ಸಿಬಲ್ ಪೈಪ್ ಆದರೆ ಸುಕ್ಕಿಲ್ಲದಂತೆ ಎಳೆದು ಕಟ್ಟಿ, ತಿರುವು ಕಡಿಮೆ ಮಾಡಿ. ಹಿಂದಿನಿಂದ ಗಾಳಿ ಬರದ ಹಾಗೆ ತಡೆಯುವ ಮುಚ್ಚಳ ಹಾಕಿಸಿ, ಮೀನಿನ ವಾಸನೆ ಅವರಿಗೇ ಇರಲಿ. ಪೈಪಿನ ತುದಿ ನಿಜವಾಗಲೂ ಡಕ್ಟಿಗೆ ಮುಟ್ಟಿದೆಯಾ ನೋಡಿ. ಸೀಲಿಂಗ್ ಮೇಲೆಯೇ ಬಿಟ್ಟುಹೋಗಿರುವುದನ್ನು ನಾನೇ ಎಷ್ಟೋ ಕಡೆ ನೋಡಿದ್ದೇನೆ.

ಸೀದಾಮಾತು:
ನಮ್ಮಲ್ಲಿ ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್. ಎಕ್ಸಾಸ್ಟ್ ಇದ್ದರೆ ತೊಂದರೆ ಇಲ್ಲ ಅಲ್ವಾ?

ಹಳೇ ವೈರ್‌ಮನ್:
ಇದೆ. ಬಾಗಿಲು ಬಿಗಿ ಇದ್ದರೆ ಫ್ಯಾನೇ ಗೀಸರಿನ ಹೊಗೆಯನ್ನು ಒಳಕ್ಕೆ ಎಳೆಯಬಹುದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಫ್ಯಾನ್ ನಂಬಿಕೊಂಡು ಕೂರಬೇಡಿ, ಗೀಸರನ್ನೇ ಹೊರಗೆ ಹಾಕಿಸಿ. ಇವತ್ತೇ ಪ್ಲಂಬರಿಗೆ ಫೋನ್ ಮಾಡಿ.

ತುಂಗಾತೀರ:
ಮೂರು ವಾರ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ಖರ್ಚಿಲ್ಲದ್ದನ್ನು ಮೊದಲು ನೋಡೋಣ ಅಂತ ಗಾಜಿನ ಪಟ್ಟಿಗಳನ್ನು ಮುಚ್ಚಿ ಟೇಪ್ ಹಾಕಿದೆ, ಬಾಗಿಲನ್ನು ಎರಡು ಬೆರಳಷ್ಟು ತೆರೆದಿಟ್ಟೆ. ಹಳೇ ಫ್ಯಾನಿನಲ್ಲೇ ಕನ್ನಡಿ ಬೇಗ ತಿಳಿಯಾಯಿತು! ಆಮೇಲೆ ಶೀಟ್, 8 ಇಂಚಿನ ಫ್ಯಾನ್, ಬೇರೆ ಸ್ವಿಚ್ ಎಲ್ಲ ಆಯಿತು. ಹೊಸ ಬಾಗಿಲು ಕೊರೆಯಲು ಬಡಗಿಯೇ ಹಿಂದೆಮುಂದೆ ನೋಡಿದರು, ಕೊನೆಗೆ ಜಾಲರಿ ಕೂರಿಸಿಕೊಟ್ಟರು. ಗೋಡೆಯಾಚೆ ಈಗ ಸಣ್ಣ ಗಾಳಿ ಸದ್ದು ಅಷ್ಟೇ. ಮಗು ಏಳೂವರೆವರೆಗೆ ಮಲಗುತ್ತದೆ. ಮಾವನ ಟಾರ್ಚ್ ಕಪಾಟು ಸೇರಿದೆ.

ಸೂರಿನ ಬೂಷ್ಟು ಮಾತ್ರ ಹಾಗೇ ಇದೆ. ಮೇಲೆ ಪೇಂಟ್ ಹೊಡೆಸಿಬಿಡಲಾ?

ಹಳೇ ವೈರ್‌ಮನ್:
ಈಗ ಬೇಡ ಮೇಡಂ, ಒದ್ದೆ ಸೂರಿನ ಮೇಲೆ ಪೇಂಟ್ ನಿಲ್ಲಲ್ಲ. ನೀರು ಬೆರೆಸಿದ ಬ್ಲೀಚ್‌ನಲ್ಲಿ ಬಟ್ಟೆ ಅದ್ದಿ ಒರೆಸಿ, ಫ್ಯಾನ್ ಹಾಕಿಕೊಂಡು, ಕಣ್ಣಿಗೆ ಬೀಳದ ಹಾಗೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಮಳೆ ನಿಂತು ಸೂರು ಚೆನ್ನಾಗಿ ಒಣಗಲಿ, ದಸರಾ ಹೊತ್ತಿಗೆ ಪೇಂಟ್ ಹೊಡೆಸಿ.