ಹಳೇ ಹಾಯಿದೋಣಿಗೆ ಹಳೇ ಇಂಜಿನ್: ಕೂರಿಸಿದವರು ಯಾರಾದ್ರೂ ಇದ್ದೀರಾ?

ಕೇಳಿದವರು, ಬಾಗಲಕೋಟೆ
ನಮಸ್ಕಾರ ರೀ. ಕಾರವಾರದ ಕಡೆಯಿಂದ ಹಳೇ ಕಟ್ಟಿಗೆ ಹಾಯಿದೋಣಿ ತಂದು ಹೆರಕಲ್ ಹತ್ತಿರ ಹಿನ್ನೀರಿನ ದಂಡೆಯಲ್ಲಿ ಇಟ್ಟಿದ್ದೇನೆ. ಕೊಳೆತ ಹಲಗೆ ಬದಲಿಸಿದ್ದಾಯ್ತು. ಈಗ ಎರಡು ಸಿಲಿಂಡರಿನ ಹಳೇ ಡೀಸೆಲ್ ಇಂಜಿನ್ ಒಳಗೆ ಕೂರಿಸಬೇಕು. ಗೇರ್‌ಬಾಕ್ಸ್ ಸಮೇತ ಇದೆ. ಅದುರು ತಡೆಯೋ ರಬ್ಬರ್ ಮೌಂಟ್ ಹಾಕಲೋ, ನೇರ ಬೋಲ್ಟ್ ಬಿಗಿಯಲೋ? ಪ್ರೊಪೆಲ್ಲರ್ ತಿರುಗಿಸೋ ಶಾಫ್ಟ್ ಇಂಜಿನ್ನಿಗೆ ನೆಟ್ಟಗೆ ಕೂಡುವಂತೆ ಲೈನ್ ಹಿಡಿಯೋದು ಹೇಗೆ?

ಮೊದಲ ಉತ್ತರ, ಮೂಲತಃ ಕಾರವಾರದವರು
ಅಣ್ಣಾ, ರಬ್ಬರ್ ಮಾತು ಆಮೇಲೆ. ಮೊದಲು ಇಂಜಿನ್ ಕೂರುವ ತೊಲೆ ನೋಡಿ. ಇಂಜಿನ್ ಎಷ್ಟು ಉದ್ದವೋ ಅಷ್ಟೇ ಉದ್ದದ ತೊಲೆ ಹಾಕಿದರೆ ಸಾಲದು. ಹಿಂದೆ ಮುಂದೆ ಚಾಚಿ, ಕೀಲ್ (ದೋಣಿಯ ತಳದ ಉದ್ದನೆ ತೊಲೆ) ಮೇಲಿನ ಅಡ್ಡ ದಿಮ್ಮಿಗಳಿಗೆ ಬೋಲ್ಟ್ ಆಗಬೇಕು. ಬರೀ ಹಲಗೆಗೆ ಬಿಗಿದರೆ ಅದುರಿ ಅದುರಿ ಸಂದು ಬಿಡುತ್ತವೆ. ಒಣಗಿದ ಸಾಗವಾನಿ ಸಿಕ್ಕರೆ ಅದೇ ಹಾಕಿ. ಜಾಲಿ ಗಟ್ಟಿ, ಆದರೆ ಉದ್ದಕ್ಕೆ ನೆಟ್ಟಗಿರೋದು ಸಿಗೋದು ಕಷ್ಟ.

ಲೈನ್ ಹಿಡಿಯೋಕೆ ಶಾಫ್ಟ್ ತೆಗೆದು, ಅದರ ಕೊಳವೆಯ ನಟ್ಟನಡುವೆ ತೆಳು ಸ್ಟೀಲ್ ತಂತಿ ಎಳೆದು ಕಟ್ಟಿ. ಗೌಂಡಿಗಳು ಗೋಡೆಗೆ ದಾರ ಹಿಡೀತಾರಲ್ಲ, ಹಾಗೆ. ಆ ತಂತಿಯಿಂದ ಅಳೆದು ತೊಲೆಯ ಎತ್ತರ ತೀರ್ಮಾನಿಸಿ. ಇಂಜಿನ್ ಪಾದದ ಅಳತೆಗೆ ಪ್ಲೈವುಡ್ ಅಚ್ಚು ಮಾಡಿ ಮೊದಲು ಅದನ್ನೇ ಕೂರಿಸಿ ನೋಡಿ. ಭಾರದ ಇಂಜಿನ್ನನ್ನು ಚೈನ್ ಪುಲ್ಲಿಯಲ್ಲಿ ಮತ್ತೆ ಮತ್ತೆ ಇಳಿಸಿ ಎತ್ತೋ ಗೋಳು ತಪ್ಪುತ್ತೆ.

ಶಾಫ್ಟ್ ಹೊರಗೆ ಹೋಗೋ ಕಡೆ ನೀರು ತಡೆಯುವ ಗ್ಲ್ಯಾಂಡ್ ದೋಣಿಯ ಕಟ್ಟಿಗೆಗೇ ಬಿಗಿಯಾಗಿದ್ದರೆ ಇಂಜಿನ್ನನ್ನೂ ನೇರ ಬೋಲ್ಟಿನಲ್ಲೇ ಕೂರಿಸಿ ಅಂತ ನನ್ನ ಅಭಿಪ್ರಾಯ. ರಬ್ಬರ್ ಮೇಲೆ ಇಂಜಿನ್ ಕುಣಿದರೆ ಶಾಫ್ಟೂ ಕುಣಿಯುತ್ತೆ, ಗ್ಲ್ಯಾಂಡಿನೊಳಗೆ ತುಂಬಿದ ಪ್ಯಾಕಿಂಗ್ ಬೇಗ ಸವೆಯುತ್ತೆ. ರಬ್ಬರೇ ಬೇಕು ಅಂದ್ರೆ ಫ್ಲೆಕ್ಸಿಬಲ್ ಕಪ್ಲಿಂಗ್ (ಶಾಫ್ಟಿಗೆ ಬಳುಕುವ ಜೋಡಣೆ), ಬಳುಕುವ ಗ್ಲ್ಯಾಂಡ್ ಎರಡಕ್ಕೂ ದುಡ್ಡು ತೆಗೆದಿಡಿ.

ಎರಡನೇ ಉತ್ತರ, ಮುಧೋಳ
ಸುಮ್ನೆ ಯಾಕೆ ಇಷ್ಟೆಲ್ಲ? ನಮ್ಮ ಕಡೆ ಹೊಲದ ಹಳೇ ಪಂಪ್‌ಸೆಟ್ ಇಂಜಿನ್ ಬೇಕಾದಷ್ಟು ಸಿಗುತ್ತವೆ. ಬಿಡಿಭಾಗ ಸುಲಭ, ಮೆಕ್ಯಾನಿಕ್ಕೂ ಊರಲ್ಲೇ ಇದ್ದಾನೆ.

ಮೂರನೇ ಉತ್ತರ, ಲೇತ್ ಕೆಲಸದವರು, ನವನಗರ
ಮುಧೋಳದ ಅಣ್ಣಾರೇ, ಅದರಲ್ಲೊಂದು ತೊಡಕಿದೆ. ಪ್ರೊಪೆಲ್ಲರ್ ತಿರುಗುವಾಗ ಶಾಫ್ಟನ್ನು ಉದ್ದಕ್ಕೆ ಒಳಗೆ ನೂಕುತ್ತೆ. ದೋಣಿ ಮುಂದೆ ಹೋಗೋದೇ ಆ ನೂಕಿನಿಂದ. ಪಂಪ್ ಇಂಜಿನ್ನಿನ ಕ್ರ್ಯಾಂಕ್ ಅಷ್ಟು ನೂಕು ತಡೆಯೋಕೆ ಮಾಡಿದ್ದಲ್ಲ. ನಡುವೆ ಆ ನೂಕು ಹೊರುವ ಬೇರೆ ಥ್ರಸ್ಟ್ ಬೇರಿಂಗ್ ಹಾಕಲೇಬೇಕು. ರಿವರ್ಸ್ ಗೇರೂ ಇರೋದಿಲ್ಲ, ದಂಡೆಗೆ ಬರುವಾಗ ದೋಣಿ ನಿಲ್ಲಿಸೋದು ಹೇಗೆ? ಕೇಳಿದವರ ಹತ್ತಿರ ಗೇರ್‌ಬಾಕ್ಸ್ ಇದೆಯಲ್ಲ, ಅದನ್ನೇ ಬಳಸಲಿ.

ಇನ್ನು ಕಪ್ಲಿಂಗ್, ಅಂದ್ರೆ ಗೇರ್‌ಬಾಕ್ಸನ್ನೂ ಶಾಫ್ಟನ್ನೂ ಕೂಡಿಸುವ ಎರಡು ಚಪ್ಪಟೆ ಬಿಲ್ಲೆಗಳ ಜೋಡಣೆ. ಬೋಲ್ಟ್ ಹಾಕದೆ ಎರಡೂ ಮುಖ ತಾಗಿಸಿ, ಮೇಲೆ ಕೆಳಗೆ ಎಡ ಬಲ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. 100 ಮಿ.ಮೀ. ಅಗಲದ ಕಪ್ಲಿಂಗಿಗೆ ಸಂದಿನ ವ್ಯತ್ಯಾಸ 0.1 ಮಿ.ಮೀ. ಮೀರಬಾರದು. ಶಾಫ್ಟಿನ ತುದಿ ತನ್ನ ಭಾರಕ್ಕೇ ಜೋತು ಬೀಳುತ್ತೆ, ಅಳೆಯುವಾಗ ಕೆಳಗೆ ಆಧಾರ ಕೊಡಿ. ಆಮೇಲೆ ಶಾಫ್ಟನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಸಂದು ಇದ್ದ ಕಡೆಯೇ ಇದ್ದರೆ ಇಂಜಿನ್ ಸರಿಸಿ, ಪಾದದ ಕೆಳಗೆ ಶಿಮ್ (ತೆಳು ತಗಡು) ಹಾಕಿ. ಸಂದೂ ಜೊತೆಗೆ ತಿರುಗಿತೋ, ಶಾಫ್ಟ್ ಬಾಗಿದೆ ಇಲ್ಲವೇ ಅದರ ಕಪ್ಲಿಂಗ್ ಓರೆ ಇದೆ. ಆಗ ಇಂಜಿನ್ ಮುಟ್ಟಬೇಡಿ, ಶಾಫ್ಟನ್ನು ಲೇತಿಗೆ ತನ್ನಿ.

ನಾಲ್ಕನೇ ಉತ್ತರ, ಕೊಲ್ಹಾರ
ಇದನ್ನೆಲ್ಲ ದಂಡೆಯ ಮೇಲೆ ಮುಗಿಸಿ ಕೈ ತೊಳೆದುಕೊಳ್ಳಬೇಡಿ. ನಮ್ಮ ಬಿಸಿಲಿಗೆ ಕಟ್ಟಿಗೆ ಒಣಗಿ ಕುಗ್ಗಿರುತ್ತೆ. ನೀರಿಗಿಳಿದ ಮೇಲೆ ಹಲಗೆ ಉಬ್ಬಿ ದೋಣಿಯ ಆಕಾರವೇ ಒಂದಿಷ್ಟು ಬದಲಾಗುತ್ತೆ. ಹಾಯಿಕಂಬದ ಹಗ್ಗ ಬಿಗಿದಾಗಲೂ ಅಷ್ಟೇ. ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ದೂರ ಸರಿದಿರುತ್ತೆ ಅಲ್ವಾ, ಆಗ ತೊಲೆ ಕೆಲಸ ಮುಗಿಸಿ. ಮಳೆಗಾಲದಲ್ಲಿ ಕೃಷ್ಣೆ ತುಂಬಿದ ಮೇಲೆ ದೋಣಿ ಇಳಿಸಿ, ಕೆಲವು ದಿನ ನೆನೆಯಲು ಬಿಟ್ಟು, ಕಂಬ ಹಗ್ಗ ಎಲ್ಲ ಕಟ್ಟಿ, ಕೊನೆಗೆ ಕಪ್ಲಿಂಗ್ ಬೋಲ್ಟ್ ಬಿಗಿಯಿರಿ.

ಇಂಜಿನ್ ಇಳಿಸೋ ಮೊದಲೇ ಅಷ್ಟೇ ತೂಕದ ಮರಳು ಚೀಲ ಅದೇ ಜಾಗದಲ್ಲಿಟ್ಟು ನೀರಲ್ಲಿ ತೇಲಿಸಿ ನೋಡೋದೂ ಒಳ್ಳೇದು. ಹಿಂಬದಿ ಜಾಸ್ತಿ ಮುಳುಗಿದರೆ ಆಗಲೇ ತಿಳಿಯುತ್ತೆ.

ಕೇಳಿದವರು
ಉಪಕಾರ ಆಯ್ತು ರೀ. ಗ್ಲ್ಯಾಂಡ್ ಕಟ್ಟಿಗೆಗೇ ಬಿಗಿದಿದೆ, ನೇರ ಬೋಲ್ಟೇ ಹಾಕ್ತೇನೆ. ಗ್ಲ್ಯಾಂಡಿಂದ ನೀರು ತೊಟ್ಟಿಕ್ಕಿದರೆ ಪೂರ್ತಿ ಬಿಗಿದುಬಿಡಲಾ?

ಮೂರನೇ ಉತ್ತರದವರು
ಬೇಡ. ಓಡುವಾಗ ನಿಮಿಷಕ್ಕೆ ಒಂದೆರಡು ಹನಿ ಬೀಳಲಿ, ಶಾಫ್ಟ್ ತಂಪಾಗಿರೋದೇ ಅದರಿಂದ. ನಿಲ್ಲಿಸಿದ ಮೇಲೆ ಮುಟ್ಟಿ ನೋಡಿ, ಕೈ ಸುಟ್ಟರೆ ಬಿಗಿ ಜಾಸ್ತಿಯಾಗಿದೆ ಅಂತ ಲೆಕ್ಕ. ಇಂಜಿನ್ ಕೆಳಗೊಂದು ತಗಡಿನ ಟ್ರೇ ಇಡೋದು ಮರೀಬೇಡಿ. ಎಣ್ಣೆ ಕುಡಿದ ಕಟ್ಟಿಗೆಗೆ ಆಮೇಲೆ ಬಣ್ಣವೇ ಹಿಡಿಯೋದಿಲ್ಲ.